ಓವನ್ನಿನ ಬಲಕ್ಕೆ ಉಡುತಡಿಯಲ್ಲಿ ಏನು ಬೆಲೆ?

ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಕ್ಷಾರದಿಂದ ಕಟ್ಟಿ ಮಾಡುವ, ಸಿಮೆಂಟಿಗೆ ಬದಲಿ ಅಂಟಾದ ಜಿಯೋಪಾಲಿಮರ್ ಬಗ್ಗೆ ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿದ್ಧವಾಗುವ ಪ್ರಾಜೆಕ್ಟ್ ವರದಿಗಳಿಗೆ ಒಂದು ಅಚ್ಚು ಇದೆ. ಹಾರುಬೂದಿ, ಕಾಸ್ಟಿಕ್ ಸೋಡಾ, ಸೋಡಿಯಂ ಸಿಲಿಕೇಟ್ ಕಲಸಿದರು, ಕ್ಯೂಬ್ ಹಾಕಿದರು, 60 ಡಿಗ್ರಿಯ ಓವನ್ನಿನಲ್ಲಿ 24 ಗಂಟೆ ಇಟ್ಟರು, ಒಡೆದು ನೋಡಿದರು, 40 ಮೆಗಾಪಾಸ್ಕಲ್ ಬಂತು, 50 ಬಂತು. ಉಷ್ಣತೆ ಏರಿದಂತೆ ಬಲವೂ ಏರುತ್ತದೆಂದು ತೋರಿಸುವ ಒಂದು ಗ್ರಾಫು. ಕೊನೆಯ ಪುಟದಲ್ಲಿ, ಸಿಮೆಂಟಿಗೆ ಬದಲಿ ಸಿಕ್ಕಿತು, ಭೂಮಿ ತಂಪಾಯಿತು ಎಂಬ ಧಾಟಿಯ ನಾಲ್ಕು ಸಾಲು. ಅದಕ್ಕೆ ಅಂಕ, ಅದಕ್ಕೆ ಚಪ್ಪಾಳೆ. ಮರುವರ್ಷ ಇನ್ನೊಂದು ತಂಡ, ಅದೇ ಓವನ್, 70 ಡಿಗ್ರಿ.

ಬಿಸಿಯೇ ಬಲವೆಂಬ ಈ ನಂಬಿಕೆಗೆ ಎರಡು ನಾಲಗೆ. ಸೆಮಿನಾರಿನ ವೇದಿಕೆಯಲ್ಲಿ ಅದು "ನೋಡಿ, ಎಂಥ ಬಲ!" ಎನ್ನುತ್ತದೆ. ಪಂಚಾಯ್ತಿಯವರೋ ಬ್ಲಾಕ್ ಮಾಡುವವರೋ ಎದುರು ಬಂದು ವಿಚಾರಿಸಿದರೆ, "ಬಿಸಿ ಕೊಡದಿದ್ದರೆ ಇದು ಗಟ್ಟಿಯಾಗೋದಿಲ್ಲ ಕಣ್ರೀ, ನಿಮ್ಮೂರಿಗೆ ಆಗಿಬರೋದಿಲ್ಲ" ಎನ್ನುತ್ತದೆ. ಮೊದಲ ಮಾತಿನಿಂದ ಪ್ರಬಂಧ ಹುಟ್ಟುತ್ತದೆ, ಎರಡನೆಯದರಿಂದ ಕೆಲಸ ತಪ್ಪುತ್ತದೆ. ಎರಡೂ ಕಡೆ ನೆಮ್ಮದಿ ಎಂದ ಮೇಲೆ ಈ ನಂಬಿಕೆಯನ್ನು ಅಲುಗಾಡಿಸುವವರು ಯಾರು?

ಉಡುತಡಿಯನ್ನೇ ತೆಗೆದುಕೊಳ್ಳಿ. ಅಕ್ಕಮಹಾದೇವಿ ಹುಟ್ಟಿದ ಊರೆಂದು ನಾಡಿಗೆಲ್ಲ ಗೊತ್ತಿರುವ, ಶಿಕಾರಿಪುರ ತಾಲ್ಲೂಕಿನ ಈ ಸೀಮೆ ಪೂರ್ತಿ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಮುಟ್ಟೀತು. ಜುಲೈನಲ್ಲಿ ಪಕ್ಕದ ಸೊರಬದ ಕಡೆಯಿಂದ ಮಳೆ ಕೂತಿತೆಂದರೆ ಹಗಲೇ 25ರ ಆಸುಪಾಸು, ರಾತ್ರಿ ಇನ್ನೂ ಕೆಳಗೆ. ಪುಷ್ಯದ ನಸುಕಿನಲ್ಲಿ 15ರ ಹತ್ತಿರ. ಇಲ್ಲಿನ ಗಾಳಿ ಎಂದೂ 60 ಡಿಗ್ರಿ ಕಂಡದ್ದಿಲ್ಲ, ಕಾಣುವುದೂ ಬೇಡ. ಹೀಗಿರುವಾಗ 60 ಡಿಗ್ರಿಯಲ್ಲಿ ಹುಟ್ಟಿದ ಅಂಕಿಯನ್ನು ಹಿಡಿದುಕೊಂಡು ಈ ಊರಿನ ಗೋಡೆಗೆ ಭರವಸೆ ಕೊಡುವುದು ಯಾವ ಲೆಕ್ಕದ ವಿಜ್ಞಾನ?

ಉಷ್ಣತೆ ಇಲ್ಲಿ ಅಡಿಟಿಪ್ಪಣಿಯಲ್ಲಿ ಮುಗಿಯುವ ಸಂಗತಿಯಲ್ಲ. ಹಾರುಬೂದಿಯ ಕಣವೆಂದರೆ ಬಹುಪಾಲು ಗಾಜು. ಕ್ಷಾರ ಆ ಗಾಜನ್ನು ಕರಗಿಸಿ ಸಿಲಿಕಾ, ಅಲ್ಯೂಮಿನಾಗಳನ್ನು ಬಿಡಿಸಬೇಕು. ಬಿಡಿಸಿಕೊಂಡವು ಮತ್ತೆ ಒಂದಕ್ಕೊಂದು ಹೆಣೆದು ಅಂಟಾಗಬೇಕು. ನಮ್ಮ ವಿದ್ಯುತ್ ಸ್ಥಾವರಗಳ ಬೂದಿಯಲ್ಲಿ ಸುಣ್ಣಾಂಶ ಕಡಿಮೆ, ಹಾಗಾಗಿ ತಣ್ಣಗಿದ್ದರೆ ಈ ಕರಗುವ ಕೆಲಸ ಮೊದಲ ಹೆಜ್ಜೆಯಲ್ಲೇ ತೆವಳುತ್ತದೆ. ಹತ್ತು ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚುಕಡಿಮೆ ಇಮ್ಮಡಿ ಎಂಬ ಒರಟು ಲೆಕ್ಕವೊಂದಿದೆ. ಅದನ್ನೇ ಹಿಡಿದರೂ 60ರಿಂದ 20ಕ್ಕೆ ಇಳಿಯುವಷ್ಟರಲ್ಲಿ ವೇಗ ಹದಿನಾರನೇ ಒಂದು ಪಾಲಿಗೆ ಬಂದು ನಿಲ್ಲುತ್ತದೆ. ಅಂದರೆ ಓವನ್ನಿನ ಒಂದು ದಿನದ ಕೆಲಸಕ್ಕೆ ಮಳೆಗಾಲದ ಉಡುತಡಿಯಲ್ಲಿ ಎರಡು ವಾರದ ಮೇಲೂ ಬೇಕು, ಅದೂ ಅಷ್ಟು ದಿನ ಬ್ಲಾಕಿನೊಳಗಿನ ತೇವ ಉಳಿದಿದ್ದರೆ. ವರದಿಯಲ್ಲಿ "3 ದಿನಕ್ಕೆ ಇಷ್ಟು ಬಲ" ಎಂದು ಬರೆದದ್ದನ್ನು ನಂಬಿ ಇಲ್ಲಿ ಮೂರನೇ ದಿನಕ್ಕೆ ಬ್ಲಾಕನ್ನು ಟ್ರ್ಯಾಕ್ಟರಿಗೆ ಏರಿಸುವುದೆಂದರೆ, ಕುಕ್ಕರಿನ ಸೀಟಿ ಎಣಿಸಿ ತೆರೆದ ಪಾತ್ರೆಯ ಬೇಳೆಯನ್ನು ಒಲೆಯಿಂದ ಇಳಿಸಿದ ಹಾಗೆ.

ಇನ್ನು, ಈ 60 ಡಿಗ್ರಿ ಎಂಬ ಮಂತ್ರ ಎಲ್ಲಿಂದ ಬಂತು? ಆಸ್ಟ್ರೇಲಿಯಾದ ಪರ್ತ್‌ನಿಂದ. ಅಲ್ಲಿನ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಹಾರ್ಡ್‌ಜಿಟೊ ಮತ್ತು ರಂಗನ್ 2005ರಲ್ಲಿ ಒಂದು ವರದಿ ಹೊರತಂದರು. ಜಿಯೋಪಾಲಿಮರ್ ಕಾಂಕ್ರೀಟ್ ಎಂದರೆ ಇವತ್ತಿಗೂ ನಮ್ಮ ವಿದ್ಯಾರ್ಥಿಗಳು ಮೊದಲು ನಕಲಿಸಿಕೊಳ್ಳುವುದು ಅದನ್ನೇ. ಅವರು ಬಳಸಿದ್ದು ಪಶ್ಚಿಮ ಆಸ್ಟ್ರೇಲಿಯಾದ ಕಾಲಿ ವಿದ್ಯುತ್ ಸ್ಥಾವರದ ಬೂದಿ. ಉಷ್ಣತೆ ಏರಿಸಿದರೆ ಬಲ ಏರುತ್ತದೆ ಎಂದು ಅವರು ಹೇಳಿದ್ದು ನಿಜ. ಆದರೆ 60 ದಾಟಿದ ಮೇಲೆ ಹೇಳಿಕೊಳ್ಳುವಂಥ ಲಾಭವಿಲ್ಲ, 24 ಗಂಟೆ ಮೀರಿ ಇಟ್ಟರೂ ಗಳಿಕೆ ಅಷ್ಟಕ್ಕಷ್ಟೇ ಎಂದೂ ಅದೇ ವರದಿ ಹೇಳುತ್ತದೆ. ಮರುವರ್ಷ ಅದೇ ಬಳಗದಿಂದ ಇನ್ನೊಂದು ವರದಿ ಬಂತು. ಅದರಲ್ಲಿ ಒಂದೇ ಮಿಶ್ರಣವನ್ನು ಬೇರೆ ಬೇರೆ ತಿಂಗಳಲ್ಲಿ ಎರಕ ಹೊಯ್ದು, ಓವನ್ನಿಗೆ ಹಾಕದೆ ಹೊರಗೆ ಬಿಟ್ಟು ನೋಡಿದ್ದಾರೆ. ಏಳನೇ ದಿನದ ಬಲ ತಿಂಗಳಿಂದ ತಿಂಗಳಿಗೆ ಬೇರೆ. ಹೊರಗಿನ ಗಾಳಿ ಬೆಚ್ಚಗಿದ್ದಾಗ ಹೆಚ್ಚು, ತಣ್ಣಗಿದ್ದಾಗ ಕಡಿಮೆ. ಎಲ್ಲದರಲ್ಲೂ ವಾರ ಕಳೆದಂತೆ ಬಲ ಏರುತ್ತಲೇ ಹೋಯಿತು. ನಮಗೆ ಬೇಕಾಗಿದ್ದ ಪಾಠ ಈ ಎರಡನೆಯದು. ನಾವು ನಕಲು ಮಾಡಿದ್ದು ಮೊದಲನೆಯದನ್ನು. ಓವನ್ನಿನಲ್ಲಿಟ್ಟರೆ ಪ್ರಾಜೆಕ್ಟು ಒಂದು ವಾರದಲ್ಲಿ ಮುಗಿಯುತ್ತದಲ್ಲ! ಮಳೆಗಾಲ, ಚಳಿಗಾಲ, ಬೇಸಿಗೆ ಮೂರೂ ಕಾಯುವಷ್ಟು ಸಮಯ ಸೆಮಿಸ್ಟರಿನಲ್ಲಿ ಎಲ್ಲಿದೆ?

ಪರ್ತ್‌ನವರ ಮನಸ್ಸಿನಲ್ಲಿದ್ದದ್ದು ಕಾರ್ಖಾನೆಯಲ್ಲಿ ಎರಕ ಹೊಯ್ದು ಸಾಗಿಸುವ ತೊಲೆ, ಕಂಬ. ಹಬೆ, ಬಿಸಿಗಾಳಿ ಅಂಥ ಕಾರ್ಖಾನೆಗೆ ಹೊಸತಲ್ಲ. ಅವರ ಆಯ್ಕೆ ಅವರಿಗೆ ಸರಿ. ಆ ಆಯ್ಕೆಯನ್ನು ನಿಸರ್ಗನಿಯಮವೆಂಬಂತೆ ತಂದು ಇಲ್ಲಿನ ಹುಡುಗರ ತಲೆಗೆ ತುಂಬಿದವರು ನಾವು.

ಏರಿಸಿದಷ್ಟೂ ಒಳ್ಳೆಯದೆಂಬ ಮಾತಂತೂ ಅರ್ಧ ಸುಳ್ಳು. ಮುಚ್ಚದೆ 80–90 ಡಿಗ್ರಿಗೆ ತಳ್ಳಿದರೆ ಒಳಗಿನ ನೀರು ತನ್ನ ಕೆಲಸ ಮುಗಿಸುವ ಮೊದಲೇ ಆವಿಯಾಗಿ ಹೋಗುತ್ತದೆ. ಉಳಿಯುವುದು ರಂಧ್ರ, ಕೂದಲೆಳೆಯ ಬಿರುಕು. ಸ್ಲ್ಯಾಗ್, ಅಂದರೆ ಊದುಕುಲುಮೆಯ ಕಿಟ್ಟದ ನುಣುಪು ಪುಡಿ, ಸೇರಿದ ಮಿಶ್ರಣವನ್ನು ಬಿಸಿಗೆ ಹಾಕಿದರೆ ಮೊದಲ ದಿನ ಮೆರೆಯುತ್ತದೆ, ತಿಂಗಳು ಕಳೆಯುವುದರೊಳಗೆ ತಣ್ಣಗೆ ಬೆಳೆದದ್ದು ಅದನ್ನು ಹಿಂದೆ ಹಾಕುವುದುಂಟು. ಆತುರದಲ್ಲಿ ಹುಟ್ಟಿದ ಅಂಟು ಕಣಗಳ ಸುತ್ತ ದಟ್ಟ ಚಿಪ್ಪಾಗಿ ಕೂತು, ಮುಂದಿನ ಕ್ರಿಯೆಗೆ ತಾನೇ ಅಡ್ಡಿಯಾಗುತ್ತದೆ. ಹಬೆಯಲ್ಲಿ ಬೇಯಿಸಿದ ಸಿಮೆಂಟ್ ಕಾಂಕ್ರೀಟಿನಲ್ಲಿ ಇದೇ ಚಾಳಿಯನ್ನು ದಶಕಗಳ ಹಿಂದೆಯೇ ಕಂಡುಕೊಂಡಿದ್ದಾರೆ. ಆ ಪಾಠ ಪಠ್ಯದಲ್ಲಿದೆ. ಜಿಯೋಪಾಲಿಮರ್ ಎಂಬ ಹೊಸ ಹೆಸರು ಕೇಳಿದ ತಕ್ಷಣ ಹಳೆಯ ಪಾಠ ಮರೆತುಹೋಗುವುದೇಕೆ?

ಮೂಲದ ಪ್ರಶ್ನೆ ಬೇರೆಯೇ ಇದೆ. 60 ಮೆಗಾಪಾಸ್ಕಲ್ ಯಾರಿಗೆ ಬೇಕು? ಮನೆ ಕಟ್ಟುವ ಸುಟ್ಟ ಇಟ್ಟಿಗೆಗೆ ಭಾರತೀಯ ಮಾನಕ ಐಎಸ್ 1077 ಹೇಳುವ ಕನಿಷ್ಠ ದರ್ಜೆ 3.5. ಊರಿನ ಮಾಮೂಲಿ ಮನೆಯ ಕಂಬಕ್ಕೆ, ತಾರಸಿಗೆ ಎಂ20 ದರ್ಜೆಯ ಕಾಂಕ್ರೀಟು ಸಾಕು. ದೇವಸ್ಥಾನದ ಅಂಗಳಕ್ಕೋ ಶಾಲೆಯ ಆವರಣಕ್ಕೋ ಹಾಸುವ ಇಂಟರ್‌ಲಾಕ್ ಬ್ಲಾಕಿಗೆ 30 ಇದ್ದರೆ ನಡೆಯುತ್ತದೆ. ಗೋಡೆಗೆ 5 ಬಂದರೆ ಧಾರಾಳ. 5 ಪಡೆಯುವುದಕ್ಕೆ ಓವನ್ ಯಾಕೆ? ಸೌದೆ ಸುಟ್ಟು, ಗದ್ದೆಯ ಮಣ್ಣು ಕೆತ್ತಿ ಮಾಡುವ ಇಟ್ಟಿಗೆಗೆ ಬದಲಿ ಬೇಕಾಗಿರುವುದು ಶಿಕಾರಿಪುರ, ಸೊರಬದಂಥ ತಾಲ್ಲೂಕುಗಳಿಗೆ. ನಮ್ಮ ಪ್ರಯೋಗಾಲಯಗಳು ಅದನ್ನು ಬಿಟ್ಟು ಯಾರೂ ಕೇಳದ ಅರವತ್ತರ ಹಿಂದೆ ಓಡುತ್ತಿವೆ. ಗ್ರಾಫಿನ ಗೆರೆ ಮೇಲಕ್ಕೆ ಹೋದರೆ ಪ್ರಬಂಧಕ್ಕೆ ಕಳೆ, ಅಷ್ಟೇ.

ನಿಧಾನವಾಗಿ ಬರುವ ಬಲಕ್ಕೆ ಹೆದರುವ ಈ ಗುಣವೂ ನಮ್ಮದಲ್ಲ. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲು ಹಿಡಿದಿರುವುದು ಸುರ್ಕಿ ಗಾರೆ: ಸುಟ್ಟ ಮಣ್ಣಿನ ಪುಡಿ ಮತ್ತು ಸುಣ್ಣ. ಅದು ಜಿಯೋಪಾಲಿಮರ್ ಅಲ್ಲ. ಆದರೆ ಸುಟ್ಟ ಮಣ್ಣಿನ ಸಿಲಿಕಾ, ಅಲ್ಯೂಮಿನಾಗಳನ್ನು ಕ್ಷಾರಗುಣದ ಪದಾರ್ಥದಿಂದ ಎಚ್ಚರಿಸಿ ಅಂಟು ಮಾಡಿಕೊಳ್ಳುವುದರಲ್ಲಿ ಎರಡಕ್ಕೂ ನಂಟಿದೆ. ಆ ಗಾರೆಗೆ ಯಾರೂ ಓವನ್ ಹಿಡಿಯಲಿಲ್ಲ. ತಿಂಗಳುಗಟ್ಟಲೆ ಬಲಿಯಲು ಬಿಟ್ಟರು, ಆ ನಿಧಾನಕ್ಕೆ ತಕ್ಕಂತೆ ಕಟ್ಟಿದರು.

"ಓವನ್ ಇಲ್ಲದೆ ಆಗೋದಿಲ್ಲ" ಎನ್ನುವವರಿಗೆ ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಮೇಲೆ ಹೇಳಿದ ಸ್ಲ್ಯಾಗ್ ಪುಡಿಯಲ್ಲಿ ಸುಣ್ಣಾಂಶ ಹೇರಳ. ಹಾರುಬೂದಿಗೆ ಇದನ್ನು ಬೆರೆಸಿದರೆ ಹೊರಗಿನ ಉಷ್ಣತೆಯಲ್ಲೇ ಮಿಶ್ರಣ ಗಟ್ಟಿಯಾಗುತ್ತದೆ. ಕ್ಷಾರ ಮತ್ತು ಕಿಟ್ಟದ ಈ ಜೋಡಿಯನ್ನು ಕೀವ್ ನಗರದಲ್ಲಿ ಗ್ಲುಖೊವ್‌ಸ್ಕಿ ಹಚ್ಚಿಕೊಂಡದ್ದು 1950ರ ದಶಕದಲ್ಲಿ. ಫ್ರಾನ್ಸಿನ ಡೇವಿಡೋವಿಟ್ಸ್ "ಜಿಯೋಪಾಲಿಮರ್" ಎಂಬ ಹೆಸರಿಡುವುದಕ್ಕೂ ಎಷ್ಟೋ ಮೊದಲು. ನಮ್ಮಲ್ಲಿ ಸುರತ್ಕಲ್‌ನ ಎನ್‌ಐಟಿಕೆಯವರು ಸ್ಲ್ಯಾಗ್–ಹಾರುಬೂದಿಯ ಕಾಂಕ್ರೀಟನ್ನು ರಸ್ತೆಗೆಂದೇ ಪರೀಕ್ಷಿಸಿ 2015–16ರ ಸುಮಾರಿಗೆ ಪ್ರಬಂಧಗಳನ್ನು ಪ್ರಕಟಿಸಿದರು. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನವರು ಓವನ್ ಮುಟ್ಟದೆ ಬ್ಲಾಕ್ ಮಾಡಿ ತೋರಿಸಿದರು. ಆಸ್ಟ್ರೇಲಿಯಾದ ಟೂವೂಂಬಾ ಬಳಿ 2014ರಲ್ಲಿ ತೆರೆದ ವೆಲ್‌ಕ್ಯಾಂಪ್ ವಿಮಾನ ನಿಲ್ದಾಣದಲ್ಲಿ ವಿಮಾನ ನಿಲ್ಲುವ, ತಿರುಗುವ ಹಾಸುಗಳೂ ಸೇರಿದಂತೆ ಸುಮಾರು 40,000 ಘನ ಮೀಟರ್ ಜಿಯೋಪಾಲಿಮರ್ ಕಾಂಕ್ರೀಟನ್ನು ಬಯಲಿನಲ್ಲೇ ಸುರಿದಿದ್ದಾರೆ. ಆ ನಿಲ್ದಾಣವನ್ನು ಯಾವ ಓವನ್ನಿನೊಳಗೆ ತೂರಿಸಿದರು, ಸ್ವಾಮಿ?

ಆದರೆ ಇಲ್ಲಿಯೂ ಒಂದು ಸೋಮಾರಿತನ ನುಸುಳಿದೆ. ಓವನ್ ಬಿಟ್ಟವರು ಈಗ ವರದಿಯಲ್ಲಿ "ಆಂಬಿಯೆಂಟ್ ಕ್ಯೂರಿಂಗ್" ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಯಾವ ಊರಿನ ಗಾಳಿ? ಯಾವ ತಿಂಗಳು? ಸುರತ್ಕಲ್‌ನ ಕಡಲತೀರದ ರಾತ್ರಿಗೂ ಉಡುತಡಿಯ ಮಾಗಿ ರಾತ್ರಿಗೂ ಹತ್ತು ಡಿಗ್ರಿಯವರೆಗೆ ಅಂತರ ಬೀಳಬಹುದು, ಚೆನ್ನೈ ಜೊತೆ ಹೋಲಿಸಿದರೂ ಅಷ್ಟೇ. ಮೇಲೆ ಹೇಳಿದ ಒರಟು ಲೆಕ್ಕದಂತೆ ಹತ್ತು ಡಿಗ್ರಿ ಎಂದರೆ ವೇಗ ಅರ್ಧ. ಸಿಮೆಂಟ್ ಕ್ಯೂಬ್ ಪರೀಕ್ಷೆಗೆ ನಮ್ಮ ಮಾನಕ 27 ಡಿಗ್ರಿ, ಎರಡು ಡಿಗ್ರಿ ಹೆಚ್ಚುಕಡಿಮೆ ಎಂದು ಕಟ್ಟುನಿಟ್ಟು ಮಾಡಿದೆ. ಸಿಮೆಂಟಿಗಿಂತಲೂ ಉಷ್ಣತೆಗೆ ಮಿಡುಕುವ ಈ ವಸ್ತುವಿಗೆ ಮಾತ್ರ "ಹೊರಗಿನ ಗಾಳಿ" ಎಂದರೆ ಸಾಕೇ?

ಬೇಸಿಗೆಯಲ್ಲಿ ಕಷ್ಟ ತಲೆಕೆಳಗಾಗುತ್ತದೆ. ಸ್ಲ್ಯಾಗ್ ಜಾಸ್ತಿ, ಕ್ಷಾರ ತೀಕ್ಷ್ಣ, ಏಪ್ರಿಲ್ ಮಧ್ಯಾಹ್ನ. ಮೇಸ್ತ್ರಿ ಬಾಂಡ್ಲಿ ಎತ್ತಿ ಗೋಡೆಗೆ ಬರುವಷ್ಟರಲ್ಲಿ ಕಲಸಿದ್ದು ಕಲ್ಲಾಗಿರುತ್ತದೆ. ಅಂದರೆ ಈ ಊರಿಗೆ ಮಳೆಗಾಲಕ್ಕೊಂದು ಪಾಕ, ಬೇಸಿಗೆಗೊಂದು ಪಾಕ ಬೇಕು. ಎರಡನ್ನೂ ಬರೆದುಕೊಟ್ಟ ವರದಿ ಯಾವುದಾದರೂ ಇಲ್ಲಿನ ಮೇಸ್ತ್ರಿಯ ಕೈಗೆ ಬಂದಿದೆಯೇ?

ಮೇಸ್ತ್ರಿಯ ಕೈ ಎಂದೆ. 10 ಮೋಲಾರ್ ದ್ರಾವಣವೆಂದರೆ ಲೀಟರಿಗೆ ಸುಮಾರು 400 ಗ್ರಾಂ ಕಾಸ್ಟಿಕ್ ಸೋಡಾ. ಕಲಸುವಾಗಲೇ ಕುದಿಯುವಂತೆ ಕಾಯುತ್ತದೆ. ಚರ್ಮಕ್ಕೆ ಬಿದ್ದರೆ ಸುಡುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋದೀತು. ಬರಿಗೈಯಲ್ಲಿ, ಹವಾಯಿ ಚಪ್ಪಲಿಯಲ್ಲಿ ಕಾಂಕ್ರೀಟ್ ಕಲಸುವ ನಾಡಿಗೆ ಇದನ್ನು ಶಿಫಾರಸು ಮಾಡುವಾಗ ಕನ್ನಡಕ, ರಬ್ಬರ್ ಗ್ಲೌಸು, ಗಂಬೂಟಿನ ಮಾತು ಎಷ್ಟು ಪ್ರಬಂಧಗಳ ಸಾರಾಂಶದಲ್ಲಿದೆ? ಓವನ್ನಿನ ಬಾಗಿಲು ಮುಚ್ಚಿ ಗುಂಡಿ ಒತ್ತುವವರಿಗೆ ಆ ಕೈ ಕಾಣುವುದಿಲ್ಲ. ಕಾಣುತ್ತಿದ್ದರೆ ಕಡಿಮೆ ತೀಕ್ಷ್ಣತೆಯ ದ್ರಾವಣ, ಪುಡಿಯ ರೂಪದ ಸಿಲಿಕೇಟ್ ಮುಂತಾದವು ಮೊದಲ ಅಧ್ಯಾಯದಲ್ಲಿರುತ್ತಿದ್ದವು.

ತೇವದ್ದು ಇನ್ನೊಂದು ಕಥೆ. ಸಿಮೆಂಟ್ ಕೆಲಸ ಕಲಿತ ಕೈಗಳು ಬ್ಲಾಕಿಗೆ ಗೋಣಿಚೀಲ ಹೊದಿಸಿ ಬೆಳಿಗ್ಗೆ ಸಂಜೆ ನೀರು ಹೊಡೆಯುತ್ತವೆ. ಸಿಮೆಂಟಿಗೆ ಅದು ಸರಿಯಾದ ಉಪಚಾರ. ಹಸಿ ಜಿಯೋಪಾಲಿಮರಿಗೆ ನೀರು ಹೊಡೆದರೆ ಕೆಲಸ ಮಾಡಬೇಕಾದ ಕ್ಷಾರವೇ ತೊಳೆದು ಹೋಗುತ್ತದೆ. ಅದಕ್ಕೆ ಬೇಕಾದ್ದು ಒಳಗಿನ ತೇವ ಹೊರಹೋಗದಂತೆ, ಹೊರಗಿನ ಮಳೆ ಒಳಬಾರದಂತೆ ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಹಾಳೆ. ತಣ್ಣಗಿನ ದಿನಗಳಲ್ಲಿ ಕ್ರಿಯೆ ಅರೆಬರೆಯಾಗಿ, ಕಟ್ಟುಬೀಳದೆ ಉಳಿದ ಸೋಡಿಯಂ ಗೋಡೆಯ ಮೈಮೇಲೆ ಬಿಳಿ ಉಪ್ಪಾಗಿ ಏಳುತ್ತದೆ. ಮಳೆಗಾಲವಿಡೀ ಗೋಡೆ ಒದ್ದೆಯಿರುವ ಸೀಮೆಯಲ್ಲಿ ಇದು ಸಣ್ಣ ದೋಷವಲ್ಲ. 60 ಡಿಗ್ರಿಯಲ್ಲಿ ಬೇಯಿಸಿ ಒಣಗಿಸಿದ ಕ್ಯೂಬಿನ ಮೇಲೆ ಅದು ಏಳುವುದು ಕಡಿಮೆ. ಹಾಗಾಗಿ ಪ್ರಯೋಗಾಲಯಕ್ಕೆ ಅದು ಗೊತ್ತೇ ಇಲ್ಲ, ಊರಿನವರು ಮಾತ್ರ ಅದನ್ನು ನೋಡಿ "ಇದು ಕಳಪೆ ಮಾಲು" ಎಂದು ತೀರ್ಪು ಕೊಡುತ್ತಾರೆ. ಒಂದು ಒಳ್ಳೆಯ ವಸ್ತುವಿನ ಹೆಸರು ಕೆಡುವುದು ಹೀಗೆ.

ಓವನ್ನಿಗೆ ಕರೆಂಟು ಸುಡುತ್ತದೆಂಬುದು ನನ್ನ ದೂರಲ್ಲ. ಒಂದು ಘನ ಮೀಟರ್ ಕಾಂಕ್ರೀಟನ್ನು 40 ಡಿಗ್ರಿ ಏರಿಸಲು, ಸೋರಿಕೆ ಬಿಟ್ಟು ಲೆಕ್ಕ ಹಾಕಿದರೆ, ಸುಮಾರು 27 ಯೂನಿಟ್ ಸಾಕು. 1450 ಡಿಗ್ರಿಯಲ್ಲಿ ಸುಣ್ಣದ ಕಲ್ಲು ಬೇಯಿಸುವ ಸಿಮೆಂಟಿನ ಮುಂದೆ ಅದು ಜುಜುಬಿ. ದೂರು ಇರುವುದು ಓವನ್ ಯಾರ ಹತ್ತಿರ ಇದೆ ಎಂಬುದರ ಬಗ್ಗೆ. ಬಿಸಿ ಕೊಟ್ಟರೆ ಮಾತ್ರ ಬಲ ಎಂದು ಒಪ್ಪಿಕೊಂಡ ದಿನ ಈ ಅಂಟು ದೊಡ್ಡ ಬಂಡವಾಳದ ಕಾರ್ಖಾನೆಯ ಸೊತ್ತಾಗುತ್ತದೆ. ಹತ್ತಿರದ ಶಿರಾಳಕೊಪ್ಪದಲ್ಲಿ ಎರಡು ಮೆಷಿನ್ ಹಾಕಿಕೊಂಡು ಸಿಮೆಂಟ್ ಬ್ಲಾಕ್ ಮಾಡುವವರು ಸಿಮೆಂಟನ್ನೇ ನಂಬಿ ಕೂರಬೇಕಾಗುತ್ತದೆ. ಹಾಗೆ ಕೂರುವ ಅಗತ್ಯವೇನಿಲ್ಲ: ಕಲ್ಲಿದ್ದಲು ವಿದ್ಯುತ್ ಸ್ಥಾವರದಿಂದ 300 ಕಿಲೋಮೀಟರ್ ಒಳಗಿನ ಕಟ್ಟಡ ಕೆಲಸಕ್ಕೆ ಹಾರುಬೂದಿಯ ಉತ್ಪನ್ನ ಬಳಸಿ ಎಂದು ಕೇಂದ್ರ ಪರಿಸರ ಸಚಿವಾಲಯ ಹೇಳಿದೆ. ಪಡುಬಿದ್ರಿಯ ಬಳಿಯ ಸ್ಥಾವರವೂ ಬಳ್ಳಾರಿಯ ಕುಡತಿನಿಯದೂ ಆ ದೂರದೊಳಗೇ ಇವೆ, ಸ್ಲ್ಯಾಗಿಗೆ ತೋರಣಗಲ್ಲು ಇದೆ. ಸರಕು ಹತ್ತಿರ, ಕಾನೂನು ಪರ, ಕೊರತೆಯಿರುವುದು ಈ ಊರಿನ ಉಷ್ಣತೆಗೆ ತಕ್ಕ ಅಂಕಿಗಳದ್ದು.

ಆ ಅಂಕಿ ತರುವುದು ಮಹಾ ವಿಜ್ಞಾನವೇನಲ್ಲ. ಎರಡು ಪಾಕ, ಮೂರು ಕಾಲ. ಶಿಕಾರಿಪುರದ ಒಂದು ಶೆಡ್ಡಿನಲ್ಲಿ ಎರಕ ಹೊಯ್ದು, ಮುಚ್ಚಿ, ಒಂದು ಕ್ಯೂಬಿನ ಹೊಟ್ಟೆಗೆ ಉಷ್ಣತೆ ದಾಖಲಿಸುವ ತಂತಿ ಹೂತು, 3, 7, 28, 90 ದಿನಕ್ಕೆ ಒಡೆದು ನೋಡಬೇಕು. ಹಗಲು ರಾತ್ರಿಯ ಉಷ್ಣತೆ ಮತ್ತು ದಿನಗಳನ್ನು ಕೂಡಿಸಿ ಬಲ ಅಂದಾಜು ಮಾಡುವ ವಿಧಾನ ಸಿಮೆಂಟ್ ಕಾಂಕ್ರೀಟಿಗೆ ಎಂದೋ ಬಂದಿದೆ, ಇದಕ್ಕೂ ಹೊಂದಿಸಿಕೊಳ್ಳಬೇಕು. ಬಿಸಿಯೇ ಬೇಕಾದರೆ ಅದೂ ಇಲ್ಲಿದೆ. ಅಡಿಕೆ ಒಣಗಿಸಲು ನಮ್ಮವರು ಹಾಕಿಕೊಳ್ಳುವ ಪ್ಲಾಸ್ಟಿಕ್ ಹಾಳೆಯ ಮನೆಯೊಳಗೆ ಬಿಸಿಲು ನೆತ್ತಿಗೇರಿದಾಗ 50 ಡಿಗ್ರಿ ದಾಟುವುದುಂಟು. ಅಂಥದ್ದೇ ಒಂದನ್ನು ಬ್ಲಾಕಿಗೆಂದು ಬೇರೆ ಹಾಕಿಕೊಂಡರೆ (ತಿನ್ನುವ ಅಡಿಕೆಯ ಪಕ್ಕ ಕಾಸ್ಟಿಕ್ ಇಡುವ ಬುದ್ಧಿವಂತಿಕೆ ಬೇಡ) ಫೆಬ್ರವರಿಯಿಂದ ಮೇವರೆಗೆ ಪುಕ್ಕಟೆ ಓವನ್. ಮಳೆಗಾಲಕ್ಕೆ ಸ್ಲ್ಯಾಗ್ ಹೆಚ್ಚಿಸಿದ ಪಾಕ, ಇಲ್ಲವೇ ಬೇಸಿಗೆಯಲ್ಲೇ ಮಾಡಿಟ್ಟ ದಾಸ್ತಾನು. ಈ ಯೋಚನೆಗೆ ಪರ್ತ್‌ನವರ ಅಪ್ಪಣೆ ಬೇಕೇ?

ಆದ್ದರಿಂದ ಕೇಳುವುದು ಇಷ್ಟು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪರೀಕ್ಷಕರು ಇನ್ನು ಮುಂದೆ ಓವನ್ನಿನ ಅಂಕಿಯೊಂದನ್ನೇ ಹೊತ್ತು ಬಂದ ಜಿಯೋಪಾಲಿಮರ್ ಪ್ರಾಜೆಕ್ಟನ್ನು ವಾಪಸು ಕಳಿಸಬೇಕು. ವಿದ್ಯಾರ್ಥಿ ಯೋಜನೆಗಳಿಗೆ ದಶಕಗಳಿಂದ ಹಣ ಕೊಡುತ್ತ ಬಂದಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಊರಿನ ಹೆಸರು, ಎರಕದ ತಿಂಗಳು, ಹಗಲು ರಾತ್ರಿಯ ಉಷ್ಣತೆ ಇಲ್ಲದ ಅರ್ಜಿಗೆ ಒಂದು ರೂಪಾಯಿಯನ್ನೂ ಮಂಜೂರು ಮಾಡಬಾರದು. ಇಂಥ ಕಾಂಕ್ರೀಟಿನ ಪ್ರೀಕಾಸ್ಟ್ ಸಾಮಾನುಗಳಿಗೆ 2020ರಲ್ಲೇ ಐಎಸ್ 17452 ಎಂಬ ಮಾರ್ಗಸೂಚಿ ಬಂದಿದೆ; ಲೋಕೋಪಯೋಗಿ ಇಲಾಖೆ ಅದನ್ನು ಕಪಾಟಿನಿಂದ ಇಳಿಸಿ, ಕಲಸುವ ಕ್ರಮ, ಮುಚ್ಚುವ ಕ್ರಮ, ಕೈಗೆ ಹಾಕಬೇಕಾದ ಗ್ಲೌಸಿನ ಸಮೇತ ಕನ್ನಡದಲ್ಲಿ ಮೇಸ್ತ್ರಿಗಳಿಗೆ ತಲುಪಿಸಬೇಕು. ಉಡುತಡಿಯ ಕಡೆಯ ಪಂಚಾಯ್ತಿಗಳಿಗೂ ಒಂದು ಕೆಲಸವಿದೆ. ನಾಳೆ ಯಾರಾದರೂ ಹಸಿರು ಬ್ಲಾಕ್ ಎಂದು ಬಣ್ಣದ ಕರಪತ್ರ ಹಿಡಿದು ಬಂದರೆ ಮೂರು ಪ್ರಶ್ನೆ ಕೇಳಲಿ: ಈ ಬಲ ಎಷ್ಟು ಡಿಗ್ರಿಯಲ್ಲಿ ಬಂತು, ಜುಲೈನಲ್ಲಿ ಎರಕ ಹೊಯ್ದರೆ ಎಷ್ಟು ಬರುತ್ತದೆ, ಒಂದು ಮಳೆಗಾಲ ನೆನೆದ ಮೇಲೆ ಎಷ್ಟು ಉಳಿಯುತ್ತದೆ? ಮೂರಕ್ಕೂ ಕಾಗದದ ಮೇಲೆ ಉತ್ತರ ಬರುವವರೆಗೆ ಆ ಬಿಲ್ಲಿಗೆ ಸಹಿ ಬೀಳಕೂಡದು.